ಅಭ್ಯಾಸದ ಡೈರಿ: ಒಂದು ವರ್ಷ ಬಳಸಿದ ಮೇಲೆ

ನಾನು 19 ವರ್ಷಗಳಿಂದ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. ನಗದು ಪುಸ್ತಕ, ವೋಚರು, ತಿಂಗಳ ಕೊನೆಯ ತಾಳೆ, ವರ್ಷದ ಕೊನೆಯ ಆಡಿಟ್, ಬೆಳಗ್ಗೆಯಿಂದ ಸಂಜೆವರೆಗೆ ಇದೇ. ಬೇರೆಯವರ ಹಣದ ಲೆಕ್ಕವನ್ನು ಬಿಡಿಗಾಸು ತಪ್ಪದಂತೆ ಇಡುತ್ತೇನೆ. ಆದರೆ ನಿನ್ನೆ ರಾತ್ರಿ ಒಂಬತ್ತರಿಂದ ಹನ್ನೊಂದೂವರೆವರೆಗೆ ಏನು ಮಾಡಿದೆ ಎಂದು ಕಳೆದ ವರ್ಷ ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರ ಇರುತ್ತಿರಲಿಲ್ಲ. ಫೋನ್ ಕೈಯಲ್ಲಿತ್ತು, ಅಷ್ಟು ಗೊತ್ತು.

ಅದಕ್ಕೇ ಈ ಡೈರಿ ಕೊಂಡೆ. ದಿನದ ಅಭ್ಯಾಸಗಳನ್ನು ಗುರುತು ಹಾಕಿಕೊಳ್ಳಲೆಂದೇ ಅಚ್ಚು ಹಾಕಿದ ಡೈರಿಗಳು ಈಗ ಹಲವು ಬಗೆಯಲ್ಲಿ ಸಿಗುತ್ತವೆ, ಇದೂ ಅವುಗಳಲ್ಲೊಂದು. ಕೊಳ್ಳುವ ಮೊದಲು ವಿಮರ್ಶೆಗಳನ್ನು ಓದಿದೆ. ಎಲ್ಲವೂ ಡೈರಿ ಕೈಗೆ ಬಂದ ವಾರವೇ ಬರೆದವು. ಕಾಗದದ ಬಣ್ಣ, ರಟ್ಟಿನ ಅಂದ, ಇಷ್ಟೇ. ವರ್ಷಪೂರ್ತಿ ಬಳಸಿದವರ ಮಾತು ಒಂದೂ ಸಿಗಲಿಲ್ಲ. ಈಗ ಹನ್ನೆರಡನೇ ತಿಂಗಳ ಪುಟವೂ ತುಂಬಿದೆ, ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ಮೊದಲು ವಸ್ತು ಹೇಗಿದೆ ಎನ್ನುವುದನ್ನು ಹೇಳಿಬಿಡುತ್ತೇನೆ. ಎ5 ಅಳತೆ, ಅಂದರೆ 148 ಮಿಲಿಮೀಟರ್ ಅಗಲ, 210 ಮಿಲಿಮೀಟರ್ ಎತ್ತರ. ಗಟ್ಟಿ ರಟ್ಟು, ದಾರದಲ್ಲಿ ಹೊಲಿದ ಬೈಂಡಿಂಗ್. ತಿಂಗಳ ಹೆಸರು, ವಾರ ಯಾವುದೂ ಅಚ್ಚಾಗಿಲ್ಲ, ಬರೀ 1ರಿಂದ 31ರವರೆಗೆ ಅಂಕಿ. ಯಾವ ದಿನ ಬೇಕಾದರೂ ಶುರು ಮಾಡಬಹುದು, ನಾನು ಒಂದು ತಿಂಗಳ 9ನೇ ತಾರೀಖಿಗೆ ಶುರು ಮಾಡಿದೆ. ಪ್ರತಿ ತಿಂಗಳಿಗೆ ಎದುರುಬದುರಿನ ಎರಡು ಪುಟ. ಎಡ ತುದಿಯಲ್ಲಿ ಅಭ್ಯಾಸದ ಹೆಸರು ಬರೆಯಲು ಜಾಗ, ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಯಾವುದರ ನಂತರ?’ ಎಂಬ ಇನ್ನೊಂದು ಗೆರೆ. ಅಲ್ಲಿಂದ ಎರಡೂ ಪುಟದ ಮೇಲೆ ಹಾದುಹೋಗುವ 31 ಮನೆಗಳು. ಇಂಥ ಸಾಲು 12.

ಆ 12 ಸಾಲು ನೋಡಿಯೇ ನಾನು ಎಡವಿದ್ದು. ಸಾಲು ಖಾಲಿ ಬಿಡಲು ಮನಸ್ಸಾಗದೆ ಅಷ್ಟನ್ನೂ ತುಂಬಿದೆ. ಐದಕ್ಕೆ ಏಳುವುದು, ಧ್ಯಾನ, ವ್ಯಾಯಾಮ, ನಡಿಗೆ, ಎಂಟು ಲೋಟ ನೀರು, ಹತ್ತು ಪುಟ ಓದು, ಹೊಸ ಭಾಷೆ, ಸಕ್ಕರೆ ಬಿಡುವುದು, ಅಕ್ಕನಿಗೆ ಫೋನ್, ಮೇಜು ಚೊಕ್ಕ ಮಾಡುವುದು, ದಿನಚರಿ ಬರೆಯುವುದು, ಹತ್ತೂವರೆಗೆ ಮಲಗುವುದು. ತಿಂಗಳ ಕೊನೆಗೆ ಎಣಿಸಿದೆ. 23 ದಿನ, 12 ಸಾಲು, 276 ಮನೆ. ಗುರುತು ಬಿದ್ದದ್ದು 91. ಮೂರರಲ್ಲಿ ಎರಡು ಪಾಲು ಬಿಳಿ. ಆ ಎರಡು ಪುಟವನ್ನು ನಾನು ತುಂಬಾ ಹೊತ್ತು ನೋಡುತ್ತಾ ಕೂತಿದ್ದೆ. ಹನ್ನೆರಡರಲ್ಲಿ ಎಂಟು ಅಭ್ಯಾಸಗಳು ನನಗೆ ನಿಜವಾಗಿ ಬೇಕಾಗಿರಲೇ ಇಲ್ಲ. ಅವು ಬೇರೆಯವರು ಒಳ್ಳೆಯದು ಅಂದದ್ದಕ್ಕೆ ಬರೆದವು. ಎರಡನೇ ತಿಂಗಳಿಗೆ ನಾಲ್ಕೇ ಉಳಿಸಿಕೊಂಡೆ: ನಡಿಗೆ, ಓದು, ಹತ್ತೂವರೆಗೆ ನಿದ್ದೆ, ಅಕ್ಕನಿಗೆ ವಾರಕ್ಕೆರಡು ಫೋನ್. ಈ ನಾಲ್ಕೂ ಅಭ್ಯಾಸಗಳು ವರ್ಷದ ಕೊನೆಯವರೆಗೂ ಬಂದವು. ಡೈರಿ ಮಾಡುವವರು ಆರೇ ಸಾಲು ಅಚ್ಚು ಹಾಕಿದ್ದರೆ ಎಷ್ಟೋ ಜನ ಮೊದಲ ತಿಂಗಳಲ್ಲೇ ಇದನ್ನು ಡ್ರಾಯರಿಗೆ ಹಾಕುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ.

ಇದಕ್ಕೂ ಮೊದಲು ಫೋನಿನಲ್ಲಿ ಒಂದು ಆ್ಯಪ್ ಬಳಸಿದ್ದೆ. ಅದರಲ್ಲಿ ಬಿಡದೆ ಮಾಡಿದ ದಿನಗಳನ್ನು ಎಣಿಸಿ ದೊಡ್ಡ ಅಂಕಿಯಲ್ಲಿ ತೋರಿಸುತ್ತಾರೆ. 47 ದಿನದವರೆಗೆ ಬಂದಿದ್ದೆ. ಕೊನೆಕೊನೆಗೆ ಆ ಅಂಕಿ ಉಳಿಸಲೆಂದೇ, ರಾತ್ರಿ ಹನ್ನೊಂದು ಐವತ್ತಕ್ಕೆ, ನಡೆಯದಿದ್ದರೂ ನಡೆದೆ ಎಂದು ಒತ್ತಿದ ದಿನಗಳಿವೆ. ವೋಚರಿಲ್ಲದೆ ಖರ್ಚು ಬರೆದರೆ ನಮ್ಮ ಆಫೀಸಿನಲ್ಲಿ ಏನೆನ್ನುತ್ತಾರೋ ಅದನ್ನೇ ನಾನು ಮಾಡುತ್ತಿದ್ದೆ, ಅದೂ ನನ್ನದೇ ಲೆಕ್ಕದಲ್ಲಿ. ಆಮೇಲೆ ಒಂದು ರಾತ್ರಿ ಜ್ವರ ಬಂತು, ಒತ್ತುವುದೂ ಮರೆತೆ. ಬೆಳಗ್ಗೆ 47 ಇದ್ದ ಜಾಗದಲ್ಲಿ ಸೊನ್ನೆ. ಆ್ಯಪ್ ಅಳಿಸಿದೆ, ಅದರ ಜೊತೆ ನಡಿಗೆಯನ್ನೂ ಎಂಟು ತಿಂಗಳು ಬಿಟ್ಟೆ. ಕಾಗದದಲ್ಲಿ ಹಾಗಾಗುವುದಿಲ್ಲ. ತಪ್ಪಿದ ದಿನ ಒಂದು ಬಿಳಿ ಮನೆಯಾಗಿ ಉಳಿಯುತ್ತದೆ, ಅದರ ಎಡಗಡೆ ಹಾಕಿದ ಗುರುತುಗಳು ಅಲ್ಲೇ ಇರುತ್ತವೆ. ಮಾಡಿದ್ದು ಮಾಡಿದ್ದೇ, ಅದನ್ನು ಯಾರೂ ಸೊನ್ನೆ ಮಾಡಲಾರರು. ಈ ಡೈರಿಯ ಬಗ್ಗೆ ನನಗಿರುವ ದೊಡ್ಡ ಗೌರವ ಇದೇ.

ಇಷ್ಟು ತಿಳಿದಿದ್ದರೂ ನಾನು ಇನ್ನೊಂದು ತಪ್ಪು ಮಾಡಿದೆ. ಅದು ನನ್ನ ಕೆಲಸದಿಂದಲೇ ಬಂದದ್ದು.

ಲೆಕ್ಕದಲ್ಲಿ ಬಾಕಿ ಸಾಯುವುದಿಲ್ಲ. ಈ ತಿಂಗಳ ಅಖೈರು ಶಿಲ್ಕೇ, ಅಂದರೆ ಕೊನೆಗೆ ಉಳಿದ ಮೊತ್ತವೇ, ಬರುವ ತಿಂಗಳ ಆರಂಭ ಶಿಲ್ಕು. ಪುಟ ಮುಗಿದರೂ ಹೊಸ ಪುಟದ ಮೊದಲ ಸಾಲಿನಲ್ಲಿ ‘ಹಿಂದಿನ ಪುಟದಿಂದ ತಂದದ್ದು’ ಎಂದು ಬರೆದೇ ಮುಂದಕ್ಕೆ ಹೋಗುತ್ತೇವೆ. 19 ವರ್ಷ ಹೀಗೆ ಬರೆದ ಕೈ ಇದು. ಡೈರಿಯಲ್ಲೂ ಅದೇ ಬುದ್ಧಿ ಓಡಿತು. ದಿನಕ್ಕೆ 25 ನಿಮಿಷದ ನಡಿಗೆ ಎಂದು ಇಟ್ಟುಕೊಂಡಿದ್ದೆ. ಎರಡು ದಿನ ತಪ್ಪಿದರೆ ಮೂರನೇ ದಿನ ಆ ದಿನದ್ದನ್ನೂ ಸೇರಿಸಿ 75 ನಿಮಿಷ ನಡೆಯುತ್ತಿದ್ದೆ. ಓದು ನಾಲ್ಕು ದಿನ ತಪ್ಪಿದರೆ ಭಾನುವಾರ ಕೂತು 50 ಪುಟ. ಓದಿದ್ದು ತಲೆಗೆ ಹೋಗುತ್ತಿರಲಿಲ್ಲ, ಪುಟ ತೀರಿಸುತ್ತಿದ್ದೆ ಅಷ್ಟೇ. ತೀರಿಸಿದ ಮೇಲೆ ಹಿಂದಿನ ಬಿಳಿ ಮನೆಗಳಿಗೂ ಗುರುತು ಹಾಕುತ್ತಿದ್ದೆ. ಎರಡನೇ ತಿಂಗಳಲ್ಲಿ ಮೂರು ಸಲ ಹೀಗೆ ಬಾಕಿ ತೀರಿಸಿದೆ. ಮೂರನೇ ಸಲ ಬಲ ಮೊಣಕಾಲು ಊದಿಕೊಂಡಿತು, ಒಂಬತ್ತು ದಿನ ನಡೆಯುವಂತಿರಲಿಲ್ಲ.

ಆ ಒಂಬತ್ತು ದಿನಗಳ ಬಾಕಿ ಎಷ್ಟು ನಿಮಿಷ ಎಂದು ಮನಸ್ಸಿನಲ್ಲೇ ಗುಣಿಸುತ್ತಿದ್ದೆ. 225. ಅದನ್ನು ತೀರಿಸುವುದು ಹೇಗೆ ಎಂದು ಯೋಚಿಸುತ್ತಾ ಡೈರಿಯ ಪುಟ ನೋಡಿದಾಗ, ಇಷ್ಟು ದಿನ ಕಣ್ಣೆದುರೇ ಇದ್ದದ್ದು ಕಂಡಿತು. ಈ ಪುಟದಲ್ಲಿ ಬಾಕಿಗೆ ಕಾಲಂ ಇಲ್ಲ. ಹಿಂದಿನ ತಿಂಗಳಿಂದ ತರಲು ಸಾಲಿಲ್ಲ. ಪ್ರತಿ ಮನೆ ಆ ದಿನದ್ದು, ಅಲ್ಲಿಗೆ ಮುಗಿಯಿತು. ಸಾಲದ ಲೆಕ್ಕ ಬೇರೆ, ದಿನದ ಲೆಕ್ಕ ಬೇರೆ. ಅವತ್ತಿನಿಂದ ನನಗೆ ನಾನೇ ಒಂದು ನಿಯಮ ಹಾಕಿಕೊಂಡೆ: ನಿನ್ನೆಯದ್ದು ಇವತ್ತು ಮಾಡುವಂತಿಲ್ಲ. ಎಷ್ಟು ದಿನ ತಪ್ಪಿದ್ದರೂ ಇವತ್ತು 25 ನಿಮಿಷ, ಹತ್ತು ಪುಟ. ಅದಕ್ಕಿಂತ ಹೆಚ್ಚು ಓದಬೇಕೆನಿಸಿದರೆ ಓದಬಹುದು, ಆದರೆ ಅದು ನಿನ್ನೆಯ ಮನೆಗೆ ಜಮಾ ಆಗುವುದಿಲ್ಲ.

ಇದು ನನ್ನ ಸಮಾಧಾನಕ್ಕೆ ಕಟ್ಟಿಕೊಂಡ ಮಾತಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು ಮಾಡಿದ ಅಧ್ಯಯನವೊಂದು 2010ರಲ್ಲಿ ಅಚ್ಚಾಯಿತು. 96 ಜನರು ತಾವೇ ಒಂದೊಂದು ಅಭ್ಯಾಸ ಆರಿಸಿಕೊಂಡು, ದಿನಾ ಒಂದೇ ಸಂದರ್ಭಕ್ಕೆ ಅದನ್ನು ಜೋಡಿಸಿ 84 ದಿನ ಮಾಡಿದರು. ಯೋಚನೆ ಮಾಡದೆ ತಾನಾಗಿಯೇ ಆಗುವ ಮಟ್ಟಕ್ಕೆ ಬರಲು ಹಿಡಿದ ಕಾಲ ಒಬ್ಬೊಬ್ಬರಿಗೆ ಒಂದೊಂದು: 18 ದಿನದಿಂದ 254 ದಿನ, ನಡುವಿನ ಅಂಕಿ 66. ಅಧ್ಯಯನ ನಡೆದದ್ದೇ 84 ದಿನ ಆದ್ದರಿಂದ ಅದಕ್ಕೆ ಮೀರಿದ ಅಂಕಿಗಳು ಏರಿಕೆಯ ಗತಿ ನೋಡಿ ಲೆಕ್ಕ ಹಾಕಿದ ಅಂದಾಜು. ಲೆಕ್ಕದವಳಾಗಿ ನಾನು ಇದನ್ನು ಹೇಳದೆ ಬಿಡಲಾರೆ. ನನಗೆ ಮುಖ್ಯವಾಗಿ ಕಂಡದ್ದು ಅದೇ ಅಧ್ಯಯನದ ಇನ್ನೊಂದು ಮಾತು: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂಡಿಬರುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ಬಾಕಿ ತೀರಿಸಲು ಮೊಣಕಾಲು ಕೆಡಿಸಿಕೊಳ್ಳುವ ಮೊದಲು ನಾನು ಇದನ್ನು ಓದಬೇಕಿತ್ತು.

ಈ ಡೈರಿಯ ಮೇಲೆ ನನ್ನ ದೊಡ್ಡ ಆಕ್ಷೇಪ ಇರುವುದೂ ಇಲ್ಲೇ. ರಟ್ಟಿನ ಒಳಬದಿಯಲ್ಲಿ ದಪ್ಪ ಅಕ್ಷರದಲ್ಲಿ ‘21 ದಿನದಲ್ಲಿ ಹೊಸ ಅಭ್ಯಾಸ’ ಎಂದು ಅಚ್ಚು ಹಾಕಿದ್ದಾರೆ. ಈ 21ರ ಮೂಲ ಹುಡುಕುತ್ತಾ ಹೋದರೆ 1960ಕ್ಕೆ, ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ ಬರೆದ ಮಾತಿಗೆ ಬಂದು ನಿಲ್ಲುತ್ತದೆ. ಶಸ್ತ್ರಚಿಕಿತ್ಸೆಯಾದ ರೋಗಿಗಳಿಗೆ ಕನ್ನಡಿಯಲ್ಲಿನ ತಮ್ಮ ಹೊಸ ಮುಖ ಒಗ್ಗಲು ಕಡಿಮೆಯೆಂದರೂ ಸುಮಾರು 21 ದಿನ ಬೇಕಾಗುತ್ತದೆ ಎಂದು ಅವರು ಗಮನಿಸಿದ್ದರು. ಕೈಯಿಂದ ಕೈಗೆ ದಾಟುತ್ತಾ ಅದರಲ್ಲಿದ್ದ ‘ಕಡಿಮೆಯೆಂದರೂ’ ಉದುರಿಹೋಯಿತು, ಮುಖವೂ ಹೋಯಿತು, ಎಲ್ಲ ಅಭ್ಯಾಸಕ್ಕೂ 21 ದಿನ ಎಂದಾಯಿತು. ನನ್ನ ಅನುಭವ ಹೀಗಿದೆ: ಹತ್ತು ಪುಟದ ಓದು ಮೂರು ವಾರದಲ್ಲಿ ಕೂಡಿಬಂತು. ನಡಿಗೆಗೆ ಮೊಣಕಾಲಿನ ರಜೆಯೂ ಸೇರಿ ನಾಲ್ಕನೇ ತಿಂಗಳು ಬೇಕಾಯಿತು. ಹತ್ತೂವರೆಯ ನಿದ್ದೆ ಏಳು ತಿಂಗಳು ಸತಾಯಿಸಿತು. 22ನೇ ದಿನ ನಿದ್ದೆಯ ಸಾಲು ನೋಡಿ ‘ನನ್ನಲ್ಲೇ ಏನೋ ಕೊರತೆ’ ಎಂದು ಅತ್ತಿದ್ದೇನೆ. ಆ ಒಂದು ಸಾಲು ಅಚ್ಚು ಹಾಕಿದವರಿಗೆ ಇದು ತಿಳಿಯಬೇಕು.

ಹೊಗಳಬೇಕಾದ್ದನ್ನು ಹೊಟ್ಟೆತುಂಬ ಹೊಗಳುತ್ತೇನೆ: ‘ಯಾವುದರ ನಂತರ?’ ಎಂಬ ಆ ಪುಟ್ಟ ಗೆರೆ. ಮೊದಲ ತಿಂಗಳು ಅದನ್ನು ಖಾಲಿ ಬಿಟ್ಟಿದ್ದೆ. ಎರಡನೇ ತಿಂಗಳು ನಡಿಗೆಯ ಕೆಳಗೆ ‘ಸಂಜೆ’ ಎಂದು ಬರೆದೆ, ಕೆಲಸಕ್ಕೆ ಬರಲಿಲ್ಲ, ಸಂಜೆ ಅನ್ನುವುದು ತುಂಬಾ ಉದ್ದ. ಮೂರನೇ ತಿಂಗಳು ಬರೆದದ್ದು ಇದು: ‘ಆಫೀಸಿನಿಂದ ಬಂದು ಬ್ಯಾಗ್ ಇಟ್ಟ ಮೇಲೆ, ಶೂ ಬಿಚ್ಚುವ ಮೊದಲು.’ ಆಗ ನಡಿಗೆ ಹಿಡಿತಕ್ಕೆ ಬಂತು. ಶೂ ಬಿಚ್ಚಿದೆನೋ ಕುರ್ಚಿ, ಕುರ್ಚಿ ಸಿಕ್ಕಿತೋ ಫೋನ್, ಫೋನ್ ಹಿಡಿದೆನೋ ಕತ್ತಲಾಯಿತು, ಇದೇ ನನ್ನ ಸಂಜೆಯಾಗಿತ್ತು. ಶೂ ಕಾಲಲ್ಲೇ ಇದ್ದರೆ ಬಾಗಿಲು ದಾಟುವುದು ಸುಲಭ. ಓದಿಗೆ ‘ಬೆಳಗ್ಗೆ ಹಲ್ಲುಜ್ಜಿದ ಮೇಲೆ’, ಅಕ್ಕನ ಫೋನಿಗೆ ‘ಬುಧವಾರ, ಶನಿವಾರ, ಊಟದ ತಟ್ಟೆ ತೊಳೆದ ಮೇಲೆ’. ಪೀಟರ್ ಗೋಲ್‌ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು 1990ರ ದಶಕದಿಂದ ಇದನ್ನೇ ಪರೀಕ್ಷಿಸುತ್ತಾ ಬಂದಿದ್ದಾರೆ. ಮಾಡುತ್ತೇನೆ ಎಂದು ಬರೀ ನಿಶ್ಚಯಿಸುವುದಕ್ಕಿಂತ, ‘ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ’ ಎಂದು ಸಮಯ, ಜಾಗ ಗೊತ್ತು ಮಾಡಿಟ್ಟವರು ಹೆಚ್ಚು ಸಲ ಮಾಡಿ ಮುಗಿಸುತ್ತಾರೆ ಎಂದು ಅವರು ತೋರಿಸಿದ್ದಾರೆ. ಡೈರಿಯವರು ಇದನ್ನು ಓದಿಯೇ ಆ ಗೆರೆ ಸೇರಿಸಿದರೋ ಏನೋ, ಸೇರಿಸಿದ್ದಕ್ಕೆ ನಾನು ಋಣಿ.

25 ನಿಮಿಷವೇ ಯಾಕೆ ಎಂದು ಕೇಳಬಹುದು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ವಾರಕ್ಕೆ ಆರು ದಿನ, ತಲಾ 25 ನಿಮಿಷ, ಒಟ್ಟು 150. ಕನಿಷ್ಠ ಗೆರೆ ಮುಟ್ಟುತ್ತದೆ, ಒಂದು ದಿನ ಬಿಡುವೂ ಸಿಗುತ್ತದೆ. ಕೊನೆಯ ಮೂರು ತಿಂಗಳಲ್ಲಿ 92 ದಿನಕ್ಕೆ 74 ಗುರುತು ಬಿದ್ದಿವೆ.

ನಿದ್ದೆಯ ಸಾಲು ಮಾತ್ರ ಬೇರೆಯೇ ಕತೆ. ವಯಸ್ಕರಿಗೆ ರಾತ್ರಿ ಏಳು ಗಂಟೆಯಾದರೂ ನಿದ್ದೆ ಬೇಕು ಎಂದು ಗೊತ್ತಿತ್ತು. ಐದೂಮುಕ್ಕಾಲಿಗೆ ಏಳುವವಳು ಹತ್ತೂವರೆಗೆ ಮಲಗಿದರೆ ಏಳು ಗಂಟೆ ಚಿಲ್ಲರೆ ಸಿಗುತ್ತದೆ, ಲೆಕ್ಕ ಸರಿ. ಆದರೆ ಮನೆಗಳು ಬಿಳಿಯಾಗೇ ಉಳಿಯುತ್ತಿದ್ದವು, ಏಳು ತಿಂಗಳು. ಯಾಕೆಂದು ಕೊನೆಗೆ ಹೊಳೆಯಿತು. ‘ಮಲಗುವುದು’ ನನ್ನ ಕೈಯಲ್ಲಿರುವ ಕೆಲಸವೇ ಅಲ್ಲ, ನಿದ್ದೆ ಬಂದರೆ ಬಂತು. ನನ್ನ ಕೈಯಲ್ಲಿದ್ದದ್ದು ಫೋನ್. ಎಂಟನೇ ತಿಂಗಳು ಆ ಸಾಲಿನ ಹೆಸರು ಹೊಡೆದುಹಾಕಿ ‘ಹತ್ತಕ್ಕೆ ಫೋನ್ ಹೊರಗಿನ ಕೋಣೆಯಲ್ಲಿ ಚಾರ್ಜಿಗೆ’ ಎಂದು ಬರೆದೆ. ಏಳಲು ಮೇಜಿನ ಅಲಾರಾಂ ಗಡಿಯಾರ ತಂದಿಟ್ಟುಕೊಂಡೆ. ಆ ತಿಂಗಳು 31ರಲ್ಲಿ 26 ಗುರುತು. ನಿದ್ದೆ ತಾನಾಗಿಯೇ ಹಿಂದೆ ಬಂತು. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಇದನ್ನೇ: ಸಾಲಿನಲ್ಲಿ ಫಲ ಬರೆಯಬೇಡಿ, ಕೈಯಿಂದ ಮಾಡುವ ಕೆಲಸ ಬರೆಯಿರಿ. ‘ತೂಕ ಇಳಿಸುವುದು’ ಎಂಬ ಸಾಲಿಗೆ ಯಾವ ರಾತ್ರಿ ಗುರುತು ಹಾಕುತ್ತೀರಿ?

ಇಂಥ ಲೆಕ್ಕ ಇಟ್ಟವರಲ್ಲಿ ಹೆಸರುವಾಸಿ ಬೆಂಜಮಿನ್ ಫ್ರಾಂಕ್ಲಿನ್. 18ನೇ ಶತಮಾನದ ಅಮೆರಿಕದ ಈ ಮುದ್ರಕ, ವಿಜ್ಞಾನಿ, 13 ಸದ್ಗುಣಗಳ ಪಟ್ಟಿ ಮಾಡಿ, ಗುಣಕ್ಕೊಂದು ಪುಟದಂತೆ ಪುಟ್ಟ ಪುಸ್ತಕ ಮಾಡಿಕೊಂಡಿದ್ದ. ವಾರಕ್ಕೊಂದು ಗುಣದ ಮೇಲೆ ವಿಶೇಷ ಗಮನ. 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಆದರೆ ಅವನು ಗುರುತು ಹಾಕಿದ್ದು ತಪ್ಪಿದ್ದಕ್ಕೆ, ಕಪ್ಪು ಚುಕ್ಕೆ. ಹೊಸ ಸುತ್ತಿಗೆ ಜಾಗ ಮಾಡಲು ಹಳೆಯ ಚುಕ್ಕೆಗಳನ್ನು ಕೆರೆದು ಕೆರೆದು ಪುಸ್ತಕ ತೂತುಬಿತ್ತಂತೆ. ಆಮೇಲೆ ದಂತದ ಹಾಳೆಗಳ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಹಾಕಿಸಿ, ಪೆನ್ಸಿಲಿನಲ್ಲಿ ಚುಕ್ಕೆಯಿಟ್ಟು ಒದ್ದೆ ಸ್ಪಂಜಿನಿಂದ ಒರೆಸುತ್ತಿದ್ದ. ನಾನೂ ಆರನೇ ತಿಂಗಳು ಅವನ ಹಾಗೆ ತಪ್ಪಿಗೆ ಚುಕ್ಕೆ ಇಟ್ಟು ನೋಡಿದೆ. ನನಗೆ ಒಗ್ಗಲಿಲ್ಲ. ಒಳ್ಳೆಯ ದಿನ ಪುಟದಲ್ಲಿ ಏನೂ ಕಾಣುವುದಿಲ್ಲ, ಕೆಟ್ಟ ದಿನ ಮಾತ್ರ ಕಾಣುತ್ತದೆ. ರಾತ್ರಿ ಡೈರಿ ತೆರೆಯಲೇ ಮನಸ್ಸಾಗುತ್ತಿರಲಿಲ್ಲ. ಮರುತಿಂಗಳು ಮಾಡಿದ್ದಕ್ಕೇ ಗುರುತು ಹಾಕಲು ಮರಳಿದೆ. ಅಳಿಸುವುದಂತೂ ನನ್ನಿಂದ ಆಗದು. ನಮ್ಮಲ್ಲಿ ತಪ್ಪಾದರೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ್ದನ್ನು ಬರೆದು ರುಜು ಹಾಕುತ್ತೇವೆ. ಬಾಕಿ ತೀರಿಸಿ ಹಾಕಿದ್ದ ಆ ಎರಡನೇ ತಿಂಗಳ ಗುರುತುಗಳನ್ನೂ ಹಾಗೇ ಹೊಡೆದು ರುಜು ಹಾಕಿದ್ದೇನೆ.

ಕಾಗದ, ಕಟ್ಟುವಿಕೆ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಬಾಲ್‌ಪೆನ್, ಪೆನ್ಸಿಲ್ ಎರಡಕ್ಕೂ ಕಾಗದ ಚೆನ್ನಾಗಿದೆ. ಜೆಲ್ ಪೆನ್ ಹಿಂಬದಿಗೆ ಮೂಡುತ್ತದೆ, ಶಾಯಿ ಪೆನ್ ಬೇಡವೇ ಬೇಡ. ಹೊಲಿಗೆ ಒಂದೂ ಬಿಚ್ಚಿಲ್ಲ, ಎರಡನೇ ತಿಂಗಳಿಂದ ಪುಟ ಮೇಜಿನ ಮೇಲೆ ಅಂಗಾತ ಕೂರುತ್ತದೆ. ಸುತ್ತ ಹಾಕುವ ಇಲಾಸ್ಟಿಕ್ ಏಳನೇ ತಿಂಗಳಿಗೆ ಸಡಿಲವಾಯಿತು. ಕೊನೆಯಲ್ಲಿ ‘ನನ್ನ ಕನಸಿನ ನಾನು’ ಎಂಬಂಥ ಪ್ರಶ್ನೆಗಳ 14 ಪುಟಗಳಿವೆ, ನಾನು ಒಂದನ್ನೂ ಮುಟ್ಟಿಲ್ಲ. ಸ್ಟಿಕ್ಕರ್ ಹಾಳೆ ಮಗಳ ಪಾಲಾಯಿತು. ನಿಜವಾದ ದೋಷ ಒಂದಿದೆ. ಮನೆಗಳು ಎರಡು ಪುಟದ ಮೇಲೆ ಹಾದುಹೋಗುವುದರಿಂದ 13 ಮತ್ತು 14ನೇ ತಾರೀಖು ಸರಿಯಾಗಿ ಹೊಲಿಗೆಯ ಸಂದಿಗೆ ಬೀಳುತ್ತವೆ. ಅಲ್ಲಿ ಪೆನ್ ಹೋಗುವುದಿಲ್ಲ, ಹೋದರೂ ಗುರುತು ಕಾಣುವುದಿಲ್ಲ. ಮೊದಲ ಮೂರು ತಿಂಗಳು ಆ ಎರಡು ದಿನ ಮಾಡಿದ್ದನ್ನೂ ನಾನು ಗುರುತಿಸಿಲ್ಲ. ಅಚ್ಚು ಹಾಕುವ ಮೊದಲು ಯಾರಾದರೂ ಒಂದು ತಿಂಗಳು ಇದನ್ನು ಬಳಸಿ ನೋಡಿದ್ದರೆ ಸಿಕ್ಕಿಬೀಳುತ್ತಿದ್ದ ತಪ್ಪು ಇದು.

ಯಾರು ಕೊಳ್ಳಬಹುದು? ಅಂಕಿ ಕಡಿದುಹೋದರೆ ಎಲ್ಲವನ್ನೂ ಬಿಟ್ಟುಬಿಡುವ ನನ್ನಂಥವರು ಧಾರಾಳವಾಗಿ ಕೊಳ್ಳಬಹುದು. ರಾತ್ರಿ ಫೋನಿನಿಂದ ದೂರ ಇರಲು ಬಯಸುವವರಿಗಂತೂ ಕಾಗದವೇ ಸರಿ, ಗುರುತು ಹಾಕಲೆಂದು ಫೋನ್ ತೆಗೆದವರು ಗುರುತು ಹಾಕಿ ಇಡುವುದಿಲ್ಲ. ಪಾಳಿಯ ಕೆಲಸದವರಿಗೆ, ದಿನಾ ಪ್ರಯಾಣದಲ್ಲಿರುವವರಿಗೆ ಇದು ಹೊಂದುವುದು ಕಷ್ಟ. ಡೈರಿ ಒಂದೇ ಜಾಗದಲ್ಲಿ, ಪೆನ್ನಿನ ಜೊತೆ, ತೆರೆದಿದ್ದರೆ ಮಾತ್ರ ಕೆಲಸ ಮಾಡುತ್ತದೆ. ನನ್ನದು ಹಾಸಿಗೆ ಪಕ್ಕದ ಮೇಜಿನ ಮೇಲೆ, ಹಿಂದೆ ಫೋನ್ ಇರುತ್ತಿದ್ದ ಜಾಗದಲ್ಲೇ ಇದೆ. ತೆರೆದಿಟ್ಟರೆ ಮನೆಯವರು ನೋಡುತ್ತಾರೆ, ಅದಕ್ಕೂ ಸಿದ್ಧರಿರಿ. 14 ವರ್ಷದ ಮಗಳು ಒಂದು ದಿನ ಕೇಳಿದಳು, “ಅಮ್ಮ, ನಿನ್ನೆದು ಖಾಲಿ ಇದೆಯಲ್ಲ, ಇವತ್ತು ಎರಡು ಸಲ ಹೋಗ್ತೀಯಾ?” ಇಲ್ಲ, ಇವತ್ತಿಂದು ಇವತ್ತಿಗೆ ಅಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದ್ರೆ ನಾನೂ ಮಾಡ್ತೀನಿ” ಅಂದಳು. ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಸ್ಕೇಲಿಟ್ಟು ಹತ್ತೇ ನಿಮಿಷದಲ್ಲಿ ಮೂರು ಸಾಲು ಹಾಕಿಕೊಂಡಳು.

ಅವಳ ಹಾಳೆ ನೋಡಿದ ಮೇಲೆ ಇನ್ನೊಂದು ಡೈರಿ ಕೊಳ್ಳುವ ಯೋಚನೆ ಬಿಟ್ಟೆ. ಮೊದಲ ವರ್ಷಕ್ಕೆ ಅಚ್ಚಾದ ಡೈರಿ ನನಗೆ ಬೇಕಿತ್ತು, ಆ ‘ಯಾವುದರ ನಂತರ’ ನನಗೆ ತಾನಾಗಿ ಹೊಳೆಯುತ್ತಿರಲಿಲ್ಲ. ಎರಡನೇ ವರ್ಷಕ್ಕೆ ಗೆರೆಯಿಲ್ಲದ ಒಂದು ನೋಟ್‌ಬುಕ್ ತಂದು ಮೊನ್ನೆ ಭಾನುವಾರ ನಾವಿಬ್ಬರೂ ಕೂತು ಗೆರೆ ಹಾಕಿದೆವು. ಆರು ಸಾಲು, ಅದರಲ್ಲಿ ಎರಡು ಸದ್ಯಕ್ಕೆ ಖಾಲಿ. ಎಡಪುಟದಲ್ಲಿ 16ರವರೆಗೆ, ಆಮೇಲೆ ಹೊಲಿಗೆಯ ಎರಡೂ ಬದಿ ಒಂದೊಂದು ಸೆಂಟಿಮೀಟರ್ ಬಿಟ್ಟು, ಬಲಪುಟದಲ್ಲಿ 17ರಿಂದ.